ಬಾರ್ಕ್ಲಿ ಮೇನರ್ ಇಟ್ಟುಕೊಂಡು ತೂಗಿ ನೋಡಿದರೆ: ಇಂಗ್ಲೆಂಡಿನ ಹಳೇ ಭೂದಾಖಲೆ ತಾಣಗಳ ವಿಮರ್ಶೆ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದು ಮೇನರ್ (ಒಬ್ಬ ಒಡೆಯನ ಕೈಕೆಳಗಿನ ಜಮೀನು) ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಮನೆಯಲ್ಲೇ ಕೂತು ಹುಡುಕಲು ಈಗ ಹಲವು ತಾಣಗಳಿವೆ. ಹುಡುಕಾಟಕ್ಕೆ ಕಾಸು ಬೇಕಿಲ್ಲ. ಆದರೆ ಯಾವ ತಾಣದಲ್ಲಿ ಏನು ಸಿಗುತ್ತದೆ, ಏನು ಸಿಗುವುದೇ ಇಲ್ಲ ಎಂದು ಮೊದಲು ತಿಳಿದಿರಬೇಕು. ಪರೀಕ್ಷೆಗೆ ಗ್ಲಾಸ್ಟರ್‌ಶೈರಿನ ಬಾರ್ಕ್ಲಿಯನ್ನು ತೆಗೆದುಕೊಳ್ಳೋಣ. ಅಪ್ಪನಿಂದ ಹಿರಿಮಗನಿಗೆ ನೇರವಾಗಿ ಇಳಿದ ಮೇನರ್‌ನಲ್ಲಿ ಎಲ್ಲ ತಾಣಗಳೂ ಪಾಸಾಗುತ್ತವೆ, ಬಾರ್ಕ್ಲಿಯಲ್ಲಿ ಹಾಗಾಗದು.

ಕಥೆ ಇಷ್ಟು. 1349ರಲ್ಲಿ ಮೂರನೇ ಥಾಮಸ್ ಬಾರ್ಕ್ಲಿ ಕೋಟೆ ಮತ್ತು ಮೇನರನ್ನು ಗಂಡು ಸಂತತಿಗೆ ಮಾತ್ರ ಎಂದು ಕಟ್ಟಿಹಾಕಿದ. ಹಾಗೆ ಕಟ್ಟಿಹಾಕಲು ದಾರಿ ಕೊಟ್ಟದ್ದು 1285ರ ವೆಸ್ಟ್‌ಮಿನ್‌ಸ್ಟರ್ ಶಾಸನದ ಡಿ ಡೋನಿಸ್ ಅಧ್ಯಾಯ. 1417ರಲ್ಲಿ ತೀರಿಕೊಂಡ ಅವನ ಮೊಮ್ಮಗ, ಇನ್ನೊಬ್ಬ ಥಾಮಸನಿಗೆ ಇದ್ದದ್ದು ಎಲಿಜಬೆತ್ ಎಂಬ ಒಬ್ಬಳೇ ಮಗಳು. ಅವಳ ಗಂಡ ವಾರಿಕ್ ಅರ್ಲ್ ರಿಚರ್ಡ್ ಬ್ಯೂಶಾಂಪ್. ಸಾಮಾನ್ಯ ಕಾನೂನಿನಂತೆ ಮಗಳು ವಾರಸುದಾರಳು, 1349ರ ಕಟ್ಟಿನಂತೆ ತಮ್ಮನ ಮಗ ಜೇಮ್ಸ್ ವಾರಸುದಾರ. ಕೋಟೆ ಜೇಮ್ಸನಿಗೆ ಸೇರಿತು, ವಾಟನ್ ಮುಂತಾದ ಮೇನರ್‌ಗಳು ಮಾತ್ರ ವ್ಯಾಜ್ಯಕ್ಕೆ ಬಿದ್ದವು. 1470ರ ಮಾರ್ಚ್ 20ರಂದು ನಿಬ್ಲಿ ಗ್ರೀನ್‌ನಲ್ಲಿ ಎರಡೂ ಕಡೆಯವರು ಆಳು ಕಟ್ಟಿಕೊಂಡು ಹೊಡೆದಾಡಿ, ಎಲಿಜಬೆತ್‌ಳ ಮರಿಮಗ ಲೈಲ್ ವೈಕೌಂಟ್ ಥಾಮಸ್ ಟಾಲ್ಬಟ್ ಸತ್ತ. ದಾವೆ ಮುಗಿದದ್ದು 1609ರಲ್ಲಿ.

ಮೊದಲು ಓಪನ್ ಡೂಮ್ಸ್‌ಡೇ. 1086ರ ಸಮೀಕ್ಷೆಯ ಮೂಲ ಪುಟದ ಚಿತ್ರ, ನಕ್ಷೆ, 1066ರಲ್ಲಿ ಯಾರ ಕೈಯಲ್ಲಿತ್ತು, 1086ರಲ್ಲಿ ಯಾರದಾಯಿತು, ಎಲ್ಲವೂ ಊರ ಹೆಸರು ಹೊಡೆದರೆ ಸಿಗುತ್ತವೆ. ಬಳಸಲು ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಎಚ್ಚರ ಬೇಕಾದದ್ದು ಎರಡು ಕಡೆ. ಅಲ್ಲಿನ ಜನಸಂಖ್ಯೆ ತಲೆಗಳ ಲೆಕ್ಕವಲ್ಲ, ಮನೆಗಳ ಲೆಕ್ಕ. ಎರಡನೆಯದಾಗಿ, ಬಾರ್ಕ್ಲಿಯಂಥ ದೊಡ್ಡ ಅರಸು ಮೇನರ್‌ಗೆ ಸುತ್ತಲಿನ ಹಲವು ಹಳ್ಳಿಗಳು ಅಂಟಿಕೊಂಡಿದ್ದವು. ಒಟ್ಟು ಲೆಕ್ಕವನ್ನು ಒಂದೇ ಊರಿನದೆಂದು ಓದಿದರೆ ಕೆಟ್ಟಿತು. ಲಂಡನ್, ವಿಂಚೆಸ್ಟರ್, ಡರಮ್, ನಾರ್ತಂಬರ್ಲೆಂಡ್ ಹುಡುಕಲು ಹೋಗಬೇಡಿ, ಮೂಲ ಸಮೀಕ್ಷೆಯಲ್ಲೇ ಅವಿಲ್ಲ.

ವಾರಸುದಾರಿಕೆಯ ನಿಜವಾದ ಗಣಿ ಇರುವುದು ಇನ್‌ಕ್ವಿಸಿಷನ್ ಪೋಸ್ಟ್ ಮಾರ್ಟಮ್ (ಸಾವಿನ ನಂತರದ ವಿಚಾರಣೆ) ದಾಖಲೆಗಳಲ್ಲಿ. ಅರಸನಿಂದ ನೇರವಾಗಿ ಭೂಮಿ ಹಿಡಿದವನು ಸತ್ತನೆಂದರೆ ಆಯಾ ಕೌಂಟಿಯ ಎಸ್ಚೀಟರ್ ಎಂಬ ಅರಸನ ಅಧಿಕಾರಿಗೆ ಆದೇಶ ಹೋಗುತ್ತಿತ್ತು. ಅವನು ಹನ್ನೆರಡಕ್ಕೆ ಕಡಿಮೆಯಿಲ್ಲದಂತೆ ಸ್ಥಳೀಯರನ್ನು ಕೂರಿಸಿ ಪ್ರಮಾಣ ಮಾಡಿಸಿ ಬರೆಸಿಕೊಳ್ಳುತ್ತಿದ್ದ: ಯಾವ ಭೂಮಿ, ಯಾರಿಂದ ಹಿಡಿದದ್ದು, ಯಾವ ಸೇವೆಗೆ, ವರ್ಷಕ್ಕೆ ಎಷ್ಟು ಹುಟ್ಟುವಳಿ, ಸತ್ತ ದಿನ ಯಾವುದು, ಹತ್ತಿರದ ವಾರಸುದಾರ ಯಾರು, ಅವನ ವಯಸ್ಸೆಷ್ಟು. ವಿಂಚೆಸ್ಟರ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಸೇರಿ ಮಾಡಿದ ಮ್ಯಾಪಿಂಗ್ ದ ಮೀಡಿಯೀವಲ್ ಕಂಟ್ರಿಸೈಡ್ ತಾಣ ಇವುಗಳ ಇಂಗ್ಲಿಷ್ ಸಾರಾಂಶ ಕೊಡುತ್ತದೆ. ಅಚ್ಚಾದ ಹಳೆಯ ಸಂಪುಟಗಳಲ್ಲಿ ಪ್ರಮಾಣ ಮಾಡಿದವರ ಹೆಸರು, ಹೊಲ ಗದ್ದೆ ಗಿರಣಿಗಳ ಬಿಡಿ ಲೆಕ್ಕ ಬಿಟ್ಟಿದ್ದಾರೆ. ಅದು ಬೇಕೆಂದರೆ ಮೂಲಕ್ಕೇ ಹೋಗಬೇಕು.

ಮೂಲ ಇರುವುದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಮೂರನೇ ಹೆನ್ರಿಯಿಂದ ಮೂರನೇ ರಿಚರ್ಡ್‌ವರೆಗೆ ಸಿ 132ರಿಂದ ಸಿ 141ರವರೆಗಿನ ಸರಣಿಗಳು, ಏಳನೇ ಹೆನ್ರಿಯಿಂದಾಚೆಗೆ ಸಿ 142. ಐದನೇ ಹೆನ್ರಿಯ ಕಾಲದಲ್ಲಿ ಸತ್ತ ಥಾಮಸನಿಗೆ ಸಿ 138 ನೋಡಬೇಕು. ಈ ಸಿ ಸರಣಿಗಳಲ್ಲಿರುವ ಚಾನ್ಸರಿಯ (ಅರಸನ ದಾಖಲೆ ಕಚೇರಿಯ) ಪ್ರತಿಯಲ್ಲಿ ಮಸಿ ಮಾಸಿದ್ದರೆ ಕೈಚೆಲ್ಲಬೇಡಿ. ಎಕ್ಸ್‌ಚೆಕರ್‌ಗೆ (ಅರಸನ ಖಜಾನೆಗೆ) ಹೋದ ಜೋಡಿ ಪ್ರತಿ ಇ 149 ಅಥವಾ ಇ 150ರಲ್ಲಿ ಉಳಿದಿರುವ ಸಾಧ್ಯತೆ ಇದೆ.

ಓದುವಾಗ ಮುಗ್ಗರಿಸುವುದು ಸಾಮಾನ್ಯವಾಗಿ ವಯಸ್ಸಿನಲ್ಲಿ. ‘ಎಟ್ ಆಂಪ್ಲಿಯಸ್’ ಎಂದು ಬಂದರೆ ‘ಇಷ್ಟು ವರ್ಷ ಮತ್ತು ಮೇಲ್ಪಟ್ಟು’ ಎಂದರ್ಥ. 21 ಮತ್ತು ಮೇಲ್ಪಟ್ಟು ಎಂದಿದ್ದರೆ ಗಂಡು ವಾರಸುದಾರ ಪ್ರಾಪ್ತ ವಯಸ್ಕ, ಪೋಷಕತ್ವದ ಹೆಸರಲ್ಲಿ ಅರಸನಿಗೆ ಏನೂ ಗಿಟ್ಟುವುದಿಲ್ಲ ಎಂದಷ್ಟೇ ತಿಳಿಯಬೇಕು. ಅವನು 35ರವನೂ ಆಗಿರಬಹುದು. ಮೂರು ಕೌಂಟಿಗಳಲ್ಲಿ ಭೂಮಿ ಇದ್ದರೆ ಮೂರು ವಿಚಾರಣೆ, ಒಂದೇ ಹುಡುಗನಿಗೆ ಮೂರು ವಯಸ್ಸು. ವಾರ್ಷಿಕ ಹುಟ್ಟುವಳಿಯನ್ನೂ ಕಡಿಮೆ ತೋರಿಸುವ ರೂಢಿ ಇತ್ತು. ವಿಧವೆಗೆ ಡವರ್ ಎಂದು ಸಲ್ಲುವ ಮೂರನೇ ಒಂದು ಪಾಲು ಅವಳು ಬದುಕಿರುವ ತನಕ ವಾರಸುದಾರನ ಕೈಗೆ ಬರುವುದಿಲ್ಲ, ಹಾಗಾಗಿ ಅವಳು ಸತ್ತಾಗಿನ ವಿಚಾರಣೆಯನ್ನೂ ಹುಡುಕಿ ತೆಗೆಯಬೇಕು.

ಇದಕ್ಕಿಂತ ದೊಡ್ಡ ತೂತು ಇನ್ನೊಂದಿದೆ. 14ನೇ ಶತಮಾನದ ಕೊನೆಯ ಹೊತ್ತಿಗೆ ಜಾಣ ಕುಟುಂಬಗಳು ಭೂಮಿಯನ್ನು ನಂಬಿಕಸ್ಥರ ಗುಂಪಿನ ಹೆಸರಿಗೆ ಬರೆದುಬಿಡುತ್ತಿದ್ದವು. ಆ ಗುಂಪು ಒಟ್ಟಿಗೆ ಸಾಯುವುದಿಲ್ಲವಾದ್ದರಿಂದ ವಿಚಾರಣೆಯೂ ಇಲ್ಲ, ಅರಸನಿಗೆ ಕಪ್ಪವೂ ಇಲ್ಲ. 1536ರ ಯೂಸಸ್ ಶಾಸನ ಬಂದದ್ದೇ ಇದನ್ನು ಮುಚ್ಚಲು. ಅಲ್ಲಿಯವರೆಗಿನ ಕಾಲದಲ್ಲಿ ‘ಏನೂ ಭೂಮಿ ಹಿಡಿದಿರಲಿಲ್ಲ’ ಎಂದು ಬರೆದಿದ್ದರೆ ಆತ ಬಡವನೆಂದು ತೀರ್ಮಾನಿಸಬೇಡಿ.

ಆಗ ಕೈಹಿಡಿಯುವುದು ಫೀಟ್ ಆಫ್ ಫೈನ್ಸ್, ಅಂದರೆ ಫೈನ್ ಎಂಬ ಭೂಮಿ ರಾಜಿಪತ್ರದ ಅಡಿಭಾಗದ ಪ್ರತಿಗಳು; ಇಲ್ಲಿ ಫೈನ್ ಎಂದರೆ ದಂಡವಲ್ಲ. ಹುಸಿ ದಾವೆ ಹೂಡಿ, ರಾಜಿ ಮಾಡಿಕೊಂಡು, ಒಂದೇ ಚರ್ಮದ ಹಾಳೆಯಲ್ಲಿ ಮೂರು ಸಲ ಬರೆದು ಅಲೆಯಲೆಯಾಗಿ ಕತ್ತರಿಸುತ್ತಿದ್ದರು. ಎರಡು ಪ್ರತಿ ಎರಡು ಕಡೆಯವರಿಗೆ, ಅಡಿಭಾಗದ ಮೂರನೆಯದು ಕೋರ್ಟಿಗೆ. ಈ ಮೂರನೇ ಪ್ರತಿ ಇಡುವ ಕ್ರಮ 1195ರಿಂದ ಬಂತು. ಸರಣಿ ಸಿಪಿ 25/1, ಕೌಂಟಿವಾರು ಜೋಡಣೆ. ಮೀಡಿಯೀವಲ್ ಜೀನಿಯಾಲಜಿ ಎಂಬ ತಾಣದಲ್ಲಿ ಬಹಳಷ್ಟು ಕೌಂಟಿಗಳ ಸಾರಾಂಶ ಉಚಿತ. ಮೂಲದ ಚಿತ್ರಗಳು ಹ್ಯೂಸ್ಟನ್ ವಿಶ್ವವಿದ್ಯಾಲಯದ ಆಂಗ್ಲೋ ಅಮೆರಿಕನ್ ಲೀಗಲ್ ಟ್ರೆಡಿಷನ್ ತಾಣದಲ್ಲಿ. ಈ ಎರಡನೆಯದು ನೋಡಲು ಹಳೇ ಕಾಲದ್ದು, ಹೆಸರು ಹಾಕಿ ಹುಡುಕುವ ಸೌಕರ್ಯದ ಆಸೆ ಇಟ್ಟುಕೊಳ್ಳಬೇಡಿ, ಚಿತ್ರಗಳನ್ನು ಒಂದೊಂದಾಗಿ ಮಗುಚಬೇಕು. ಆದರೂ ಈ ವಿಮರ್ಶೆಯಲ್ಲಿ ಅತಿ ಹೆಚ್ಚು ಅಂಕ ಇದಕ್ಕೇ: ಕ್ಯೂಗೆ ವಿಮಾನ ಹತ್ತುವುದನ್ನು ಉಳಿಸುತ್ತದೆ. ಒಂದು ಸೂಕ್ಷ್ಮ. ಫೈನ್‌ನಲ್ಲಿ ಡಿಫೋರ್ಶಿಯಂಟ್ ಎಂದರೆ ಸಾಮಾನ್ಯವಾಗಿ ಬಿಟ್ಟುಕೊಟ್ಟವನು, ಕ್ವೆರೆಂಟ್ ಪಡೆದವನು. ಕೌಟುಂಬಿಕ ಕಟ್ಟುಪಾಡಿನ ಫೈನ್‌ನಲ್ಲಾದರೆ ಕೊಟ್ಟವನಿಗೇ ಹೊಸ ಷರತ್ತಿನೊಂದಿಗೆ ಭೂಮಿ ವಾಪಸಾಗುತ್ತದೆ. ಕೊನೆಯ ಸಾಲಿನವರೆಗೆ ಓದದೆ ‘ಮಾರಾಟವಾಯಿತು’ ಎಂದು ಬರೆದುಕೊಂಡರೆ 1349ರಂಥ ಗಂಡು ಸಂತತಿಯ ಷರತ್ತು ಕಣ್ತಪ್ಪಿ ಹೋಗುತ್ತದೆ.

ಇನ್ನು ಹೆಸರುವಾಸಿಯಾದ ಮೆನೋರಿಯಲ್ ಡಾಕ್ಯುಮೆಂಟ್ಸ್ ರಿಜಿಸ್ಟರ್. ಕಾಪಿಹೋಲ್ಡ್ ಹಿಡುವಳಿ (ಮೇನರ್ ಕೋರ್ಟಿನ ದಾಖಲೆಯ ಪ್ರತಿಯೇ ಹಕ್ಕಿಗೆ ಆಧಾರವಾದದ್ದು) 1926ರ ಜನವರಿ 1ಕ್ಕೆ ರದ್ದಾದಾಗ, ಅದಕ್ಕೆ ಸಾಕ್ಷಿಯಾಗಿದ್ದ ಕಾಗದಗಳು ಕಳೆದುಹೋಗದಿರಲೆಂದು ಹುಟ್ಟಿದ್ದು. ನ್ಯಾಷನಲ್ ಆರ್ಕೈವ್ಸ್‌ನ ಡಿಸ್ಕವರಿ ಕ್ಯಾಟಲಾಗ್‌ನೊಳಗೆ ಮೇನರ್, ಪ್ಯಾರಿಷ್ (ಚರ್ಚಿನ ವ್ಯಾಪ್ತಿಯ ಪ್ರದೇಶ), ಹಳೆಯ ಕೌಂಟಿ ಹಾಕಿ ಹುಡುಕಿದರೆ ಕೋರ್ಟ್ ರೋಲ್ (ಮೇನರ್ ಕೋರ್ಟಿನ ಕಡತ), ಸರ್ವೆ, ಬಾಡಿಗೆ ಪಟ್ಟಿ ಯಾವ ವರ್ಷದ್ದು, ಯಾವ ಕಚೇರಿಯಲ್ಲಿದೆ ಎಂದು ತೋರಿಸುತ್ತದೆ. ಇದನ್ನು ನಮ್ಮ ಪಹಣಿಯಂತೆ ತಿಳಿದವರಿಗೆ ನಿರಾಸೆ ಖಂಡಿತ. ಇದು ಕಾಗದ ಎಲ್ಲಿದೆ ಎಂದು ಹೇಳುತ್ತದೆ, ಭೂಮಿ ಯಾರದು ಎಂದಲ್ಲ. ಕ್ರಯಪತ್ರ, ಹಕ್ಕುಪತ್ರಗಳನ್ನು ಕಾನೂನೇ ಇದರಿಂದ ಹೊರಗಿಟ್ಟಿದೆ. ಸ್ಕಾಟ್ಲೆಂಡ್ ಇದರ ವ್ಯಾಪ್ತಿಯಲ್ಲಿಲ್ಲ. ಪ್ಯಾರಿಷ್‌ನ ಎಲ್ಲೆಯೇ ಮೇನರ್‌ನ ಎಲ್ಲೆ ಎಂದುಕೊಂಡು ಹುಡುಕಿದರೆ ಅರ್ಧ ಸಿಗುವುದಿಲ್ಲ.

ಆದರೆ ಸಾಮಾನ್ಯ ರೈತನ ಕುಟುಂಬ ಹುಡುಕುವವರಿಗೆ ಈ ರಿಜಿಸ್ಟರೇ ಗತಿ, ಅರಸನ ವಿಚಾರಣೆಗಳು ಅವನನ್ನು ಮುಟ್ಟುವುದಿಲ್ಲ. ಕೋರ್ಟ್ ರೋಲ್‌ನಲ್ಲಿ ನೋಡಿ: ಹಿಡುವಳಿದಾರ ಸತ್ತ ಸುದ್ದಿ, ಹೆರಿಯಟ್ ಎಂದು ಒಡೆಯ ಎಳೆದುಕೊಂಡ ಒಳ್ಳೆಯ ಎತ್ತು, ಮಗ ಕಟ್ಟಿದ ಪ್ರವೇಶ ಶುಲ್ಕ, ಎಲ್ಲ ಒಂದೇ ನಮೂದಿನಲ್ಲಿ. ಎಲ್ಲೆಡೆ ಹಿರಿಮಗನೇ ಎಂದುಕೊಳ್ಳಬೇಡಿ. ಕೆಂಟ್‌ನ ಗ್ಯಾವಲ್‌ಕೈಂಡ್‌ನಲ್ಲಿ ಗಂಡುಮಕ್ಕಳಿಗೆಲ್ಲ ಸಮಪಾಲು, ಬರೋ ಇಂಗ್ಲಿಷ್ ಪದ್ಧತಿಯಲ್ಲಿ ಕಿರಿಮಗನಿಗೆ. 1733ರವರೆಗೆ, ಅರಸನಿಲ್ಲದ ಕಾಮನ್‌ವೆಲ್ತ್ ಆಡಳಿತದ ಕೆಲವು ವರ್ಷ ಬಿಟ್ಟರೆ, ಭಾಷೆ ಲ್ಯಾಟಿನ್.

ತಾರೀಖಿನ ವಿಷಯದಲ್ಲಿ ಯಾವ ತಾಣವೂ ಸಾಕಷ್ಟು ಎಚ್ಚರಿಸುವುದಿಲ್ಲ. ಆಗ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ನಿಬ್ಲಿ ಗ್ರೀನ್ ಕಾಳಗ ಹಳೆಯ ಎಣಿಕೆಯಲ್ಲಿ 1469. ಅರಸನ ಆಳ್ವಿಕೆಯ ಇಷ್ಟನೇ ವರ್ಷ ಎಂದು ಬರೆದದ್ದನ್ನು ಇಸವಿಗೆ ಬದಲಿಸಿಕೊಳ್ಳುವ ಕೋಷ್ಟಕ ಪಕ್ಕದಲ್ಲಿಟ್ಟುಕೊಂಡೇ ಕೂರಿ.

ಬಾರ್ಕ್ಲಿಯ ಕೊನೆಯ ಗಂಟು 1492ರದು. ಜೇಮ್ಸನ ಮಗ ಮಾರ್ಕ್ವಿಸ್ ವಿಲಿಯಂ ತನ್ನ ತಮ್ಮ ಮಾರಿಸನನ್ನು ಬದಿಗೊತ್ತಿ, ತನಗೆ ಸಂತಾನವಿಲ್ಲದಿದ್ದರೆ ಮೇನರ್ ಏಳನೇ ಹೆನ್ರಿಗೂ ಅವನ ಗಂಡು ಸಂತತಿಗೂ ಸೇರಲಿ ಎಂದು ಬರೆದಿಟ್ಟು ತೀರಿಕೊಂಡ. 1553ರಲ್ಲಿ ಆರನೇ ಎಡ್ವರ್ಡ್ ಸತ್ತು ಆ ಗಂಡು ಸಂತತಿ ಮುಗಿದಾಗ ಆಸ್ತಿ ಕುಟುಂಬಕ್ಕೆ ಮರಳಿತು. ಈ ನಡುವಿನ ವರ್ಷಗಳನ್ನು ಕುಟುಂಬದ ಹೆಸರಿನಲ್ಲಿ ಹುಡುಕಿದರೆ ಖಾಲಿ. ಮೇನರ್ ಅರಸನ ಕೈಯಲ್ಲಿದ್ದಾಗಿನ ಲೆಕ್ಕಕ್ಕೆ ಕ್ಯೂನ ಎಸ್‌ಸಿ 6 ಸರಣಿ, ಕೋರ್ಟ್ ರೋಲ್‌ಗೆ ಎಸ್‌ಸಿ 2 ತೆರೆಯಬೇಕು. ಪ್ರತಿ ತರಿಸುವುದಕ್ಕೆ ಹಣ ಕಟ್ಟುವ ಮೊದಲು ಹ್ಯೂಸ್ಟನ್ನಿನ ತಾಣದಲ್ಲಿ ಅದೇ ಸಂಖ್ಯೆಯ ಚಿತ್ರ ಪುಕ್ಕಟೆ ಇದೆಯೇ ನೋಡಿಕೊಳ್ಳಿ.