ದಾವಣಗೆರೆಯ ಒಂದು ಅನುವಾದ ಅಂಗಡಿ: ‘ಆ್ಯನೆಕ್ಡೋಟಲಿ’ಯ ತಕ್ಕಡಿಯಲ್ಲಿ

ದಾವಣಗೆರೆಯ ಕಾಲೇಜುಗಳ ಆಸುಪಾಸಿನಲ್ಲಿ ಡಿಟಿಪಿ ಅಂಗಡಿಗಳಿಗೆ ಬರವಿಲ್ಲ. ಥೀಸಿಸ್ ಟೈಪಿಂಗ್, ಸ್ಪೈರಲ್ ಬೈಂಡಿಂಗ್, ಪಕ್ಕದಲ್ಲೇ ‘ಇಂಗ್ಲಿಷ್–ಕನ್ನಡ ಅನುವಾದ ಮಾಡಿಕೊಡಲಾಗುವುದು’ ಎಂಬ ಬೋರ್ಡು. ಈ ವಿಮರ್ಶೆ ಅಂಥ ಒಂದು ಅಂಗಡಿಯ ಅನುವಾದದ ಕೆಲಸದ್ದು. ಟೈಪಿಂಗ್ ಅಚ್ಚುಕಟ್ಟಾಗಿದೆ, ಕೆಲಸ ಹೇಳಿದ ದಿನಕ್ಕೆ ಕೈಸೇರುತ್ತದೆ. ಅನುವಾದ ಎಷ್ಟು ಗಟ್ಟಿ ಎಂದು ನೋಡಲು ಮಾತ್ರ ಒಂದೇ ಇಂಗ್ಲಿಷ್ ಪದ ಸಾಕಾಯಿತು: ಆ್ಯನೆಕ್ಡೋಟಲಿ (anecdotally).

‘ಆ್ಯನೆಕ್ಡೋಟ್’ ಎಂದರೆ ಯಾರಿಗೋ ನಡೆದ ಒಂದು ಪುಟ್ಟ ಪ್ರಸಂಗ. ಅದರ ಗ್ರೀಕ್ ಮೂಲಕ್ಕೆ ‘ಪ್ರಕಟವಾಗದ ಸಂಗತಿ’ ಎಂಬ ಅರ್ಥವಿತ್ತು. ಅದರಿಂದ ಹುಟ್ಟಿದ ಈ ಕ್ರಿಯಾವಿಶೇಷಣ ವಾಕ್ಯದ ಮೊದಲಲ್ಲಿ ಅಲ್ಪವಿರಾಮದೊಂದಿಗೆ ಬಂದರೆ ಇಡೀ ವಾಕ್ಯಕ್ಕೆ ಒಂದು ಚೀಟಿ ಅಂಟಿಸುತ್ತದೆ: ಇದು ಕಂಡವರ, ಅನುಭವಿಸಿದವರ ಮಾತು, ಎಣಿಸಿ ಅಳೆದದ್ದಲ್ಲ. ಕ್ರಿಯಾಪದಕ್ಕೆ ಅಂಟಿಕೊಂಡು ಬಂದರೆ ಕೆಲಸವೇ ಬೇರೆ. ‘ಅವರು ಆ್ಯನೆಕ್ಡೋಟಲಿ ಬರೆಯುತ್ತಾರೆ’ ಎಂದರೆ ಸಣ್ಣ ಸಣ್ಣ ಪ್ರಸಂಗಗಳನ್ನು ಹೇಳುತ್ತಾ ಬರೆಯುತ್ತಾರೆ ಎಂದರ್ಥ.

ಅಂಗಡಿಗೆ ಕೊಟ್ಟ ಮೊದಲ ವಾಕ್ಯ ಮೆಕ್ಕೆಜೋಳದ್ದು. ಸುಳಿಗೆ ಮರಳು ಹಾಕಿದರೆ ಸೈನಿಕ ಹುಳು ಕಡಿಮೆಯಾಗುತ್ತದೆ ಎಂದು ರೈತರು ಹೇಳುತ್ತಾರೆ ಎಂಬ ಇಂಗ್ಲಿಷ್ ವಾಕ್ಯ, ತಲೆಯಲ್ಲಿ ಈ ಪದ. ಬಂದ ಕನ್ನಡ: ‘ಉಪಾಖ್ಯಾನವಾಗಿ, ರೈತರು ಮರಳಿನಿಂದ ಹುಳುಗಳ ಕಡಿತವನ್ನು ವರದಿ ಮಾಡುತ್ತಾರೆ.’ ಫೋನಿನ ಆ್ಯಪ್‌ಗೆ ಹಾಕಿ ತೆಗೆದ ಸಾಲು ಎನ್ನಲು ಪತ್ತೇದಾರ ಬೇಕಿಲ್ಲ. ಉಪಾಖ್ಯಾನವೆಂದರೆ ದೊಡ್ಡ ಕಥೆಯೊಳಗಿನ ಕಥೆ. ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನ ಅಂಥದ್ದು. ಜೋಳದ ಹೊಲದಲ್ಲಿ ಅದಕ್ಕೇನು ಕೆಲಸ? ಇನ್ನು ‘ಹುಳುಗಳ ಕಡಿತ’ ಓದಿದವರಿಗೆ ಹುಳು ಕಚ್ಚಿದಂತೆಯೇ ಕೇಳುತ್ತದೆ.

ತಿದ್ದಲು ವಾಪಸು ಕೊಟ್ಟಾಗ ಅಂಗಡಿಯವರು ಚುರುಕಾಗಿಯೇ ತಿದ್ದಿದರು: ‘ಮರಳು ಹಾಕಿದರೆ ಹುಳು ಕಡಿಮೆಯಾಗುತ್ತದಂತೆ.’ ಈಗ ಇದು ಕನ್ನಡ. ಇಂಗ್ಲಿಷಿನವರು ವಾಕ್ಯದ ತಲೆಗೆ ಕಟ್ಟುವುದನ್ನು ನಾವು ಕ್ರಿಯಾಪದದ ಬಾಲಕ್ಕೆ ಕಟ್ಟುತ್ತೇವೆ. ಆದರೆ ತೂಕ ತಪ್ಪುವುದೂ ಇಲ್ಲಿಯೇ. ‘ಅಂತೆ’ ಎಂದೊಡನೆ ಮಾತು ಇನ್ನೊಬ್ಬರದ್ದಾಗುತ್ತದೆ, ಹೇಳುವವನು ಕೈತೊಳೆದುಕೊಳ್ಳುತ್ತಾನೆ. ಸ್ವಲ್ಪ ಜಾರಿದರೆ ಅಂತೆಕಂತೆ. ಆ್ಯನೆಕ್ಡೋಟಲಿ ಅಷ್ಟು ಹಗುರವಲ್ಲ, ಹೇಳುವವನೇ ಕಣ್ಣಾರೆ ಕಂಡದ್ದಕ್ಕೂ ಅದು ಸಲ್ಲುತ್ತದೆ. ಬೆಣ್ಣೆದೋಸೆ ತಿಂದವನೇ ‘ನಾನು ದೋಸೆ ತಿಂದೆನಂತೆ’ ಎಂದರೆ ಹೇಗೆ? ವೈದ್ಯರೊಬ್ಬರು ತಮ್ಮ ರೋಗಿಗಳ ಬಗ್ಗೆ ಬರೆದ ಎರಡನೆಯ ವಾಕ್ಯದಲ್ಲಿ ಅಂಗಡಿ ಮಾಡಿದ್ದು ಇದನ್ನೇ. ಅಲ್ಲಿ ಬೇಕಿದ್ದದ್ದು ‘ನನ್ನ ಬಳಿ ಬಂದ ಕೆಲವು ರೋಗಿಗಳಲ್ಲಿ ಕಂಡಂತೆ’. ಹುಳುವಿನ ವಾಕ್ಯಕ್ಕೆ ‘ಹಾಕಿ ನೋಡಿದ ರೈತರು ಹೇಳುವ ಪ್ರಕಾರ’ ಸರಿಹೊಂದುತ್ತದೆ. ಕಂಡವರು ಯಾರು, ಎಷ್ಟು ಮಂದಿ, ಯಾರಾದರೂ ಲೆಕ್ಕ ಹಾಕಿದ್ದಾರೆಯೇ ಎಂದು ಮೂಲವನ್ನು ಕೇಳಿಕೊಂಡರೆ ಮಾತು ತಾನಾಗಿ ಸಿಗುತ್ತದೆ. ಮೂಲದಲ್ಲಿ ಯಾರೆಂದೇ ಇಲ್ಲದಿದ್ದರೆ ‘ಬಿಡಿ ಅನುಭವಗಳನ್ನು ನೋಡಿದರೆ’ ಎನ್ನಬಹುದು. ‘ವದಂತಿಯ ಪ್ರಕಾರ’ ಮಾತ್ರ ಬೇಡ. ಅದು ಹೇಳಿದವರನ್ನೇ ಸುಳ್ಳರ ಸಾಲಿಗೆ ಸೇರಿಸುತ್ತದೆ.

ಮೂರನೆಯದು ಚಿತ್ರದುರ್ಗದ ಕೋಟೆಯ ಪ್ರವಾಸಿ ಕರಪತ್ರ. ಒನಕೆ ಓಬವ್ವ ಕಿಂಡಿಯ ಬಳಿ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದ ಕಥೆ ಇಂಗ್ಲಿಷಿನಲ್ಲಿ ‘ಲೆಜೆಂಡ್’. ಬೇಸಿಗೆಯಲ್ಲಿ ಬೆಳಿಗ್ಗೆಯೇ ಬೆಟ್ಟ ಹತ್ತುವುದು ಒಳ್ಳೆಯದೆಂಬ ಪ್ರವಾಸಿಗರ ಮಾತಿಗೆ ‘ಆ್ಯನೆಕ್ಡೋಟಲಿ’. ಅಂಗಡಿ ಎರಡಕ್ಕೂ ‘ಜನಶ್ರುತಿಯಂತೆ’ ಎಂದು ಹಾಕಿದೆ. ಓಬವ್ವನ ಕಥೆಗೆ ಅದು ಒಪ್ಪುತ್ತದೆ, ‘ಎಂಬ ಪ್ರತೀತಿ ಇದೆ’ ಎಂದರೆ ಇನ್ನೂ ಚೆನ್ನ. ಬಿಸಿಲಿನ ಮಾತಿಗೆ ಜನಶ್ರುತಿ ಯಾಕೆ? ‘ಹತ್ತಿ ಬಂದವರು ಹೇಳುವಂತೆ’ ಎಂದರೆ ಮುಗಿಯಿತು.

ನಿಜಕ್ಕೂ ಭಯ ಹುಟ್ಟಿಸುವ ತಪ್ಪು ಒಂದೇ. ವೈದ್ಯಕೀಯ ಪುಟದಲ್ಲಿ ಒಂದೆಡೆ ಆ್ಯನೆಕ್ಡೋಟ್ ಇದ್ದದ್ದು ಆ್ಯಂಟಿಡೋಟ್ ಆಗಿ, ಕನ್ನಡದಲ್ಲಿ ‘ಪ್ರತಿವಿಷ’ ಬಂದು ಕುಳಿತಿತ್ತು. ಎರಡರ ಬಾಲವೂ ‘ಡೋಟ್’, ಅವಸರದ ಕಣ್ಣಿಗೆ ಒಂದೇ. ಕರಡು ತಿದ್ದುವಾಗ ‘ವಿಷ’ ಎಂಬ ಅಕ್ಷರಗಳನ್ನೇ ಹುಡುಕಿ ನೋಡಿ.

ಕಡತದ ಬಗ್ಗೆ ಒಂದು ಮಾತು. ಇವರು ಕೇಳದೆಯೇ ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿ ಕೊಡುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್ ಬೇಕೆಂದು ಮೊದಲೇ ಹೇಳಿ. ಆಮೇಲೆ ಪರಿವರ್ತಿಸಿದ್ದರೆ ಅರ್ಕಾವತ್ತುಗಳನ್ನು ಒಮ್ಮೆ ನೋಡಿಕೊಳ್ಳಿ.

ಕರಪತ್ರ, ಆಹ್ವಾನ ಪತ್ರಿಕೆ, ಅರ್ಜಿಗಳಿಗೆ ಅಂಗಡಿ ಧಾರಾಳವಾಗಿ ಸಾಕು. ಥೀಸಿಸ್ ಸಾರಾಂಶವನ್ನಾಗಲಿ ರೋಗಿಯ ಒಪ್ಪಿಗೆ ಪತ್ರವನ್ನಾಗಲಿ ಕೊಡುವುದಾದರೆ ಈ ಪದ ಬಂದಲ್ಲೆಲ್ಲ ಸುತ್ತು ಹಾಕಿ, ಪಕ್ಕದಲ್ಲಿ ‘ಕಂಡವರು ಯಾರು?’ ಎಂದು ಪೆನ್ಸಿಲಿನಲ್ಲಿ ಬರೆದು ಕೊಡಿ. ಹಾಗೆ ಗುರುತು ಮಾಡಿ ಕೊಟ್ಟ ಪುಟದಲ್ಲಿ ಉಪಾಖ್ಯಾನ ಒಂದೂ ಬರಲಿಲ್ಲ.