ಬೆಂಗಳೂರಿನ ವರ್ತೂರು ಕಡೆಯ ನಮ್ಮ ನೀರಿನ ಟ್ಯಾಂಕರ್: ಐದಕ್ಕೆ ಮೂರು ಸ್ಟಾರ್

ಏಳು ವರ್ಷದಿಂದ ಒಬ್ಬರ ಹತ್ತಿರವೇ ನೀರು ಹಾಕಿಸಿಕೊಳ್ಳುತ್ತಿದ್ದೇವೆ. ಹೆಸರು ಮಾತ್ರ ಬರೆಯುವುದಿಲ್ಲ, ನಾಳೆ ಬೆಳಿಗ್ಗೆಯೂ ಅವರಿಗೇ ಫೋನ್ ಮಾಡಬೇಕಲ್ಲ!

ಒಳ್ಳೆಯದು ಮೊದಲು. ಟೈಮ್ ಅಂದರೆ ಟೈಮ್. ರಾತ್ರಿ ಮೆಸೇಜ್ ಹಾಕಿದರೆ ಬೆಳಿಗ್ಗೆ 6ಕ್ಕೆ ಗೇಟಿನ ಮುಂದೆ ಗಾಡಿ. ಡ್ರೈವರಣ್ಣ ಪೈಪಿನ ತುದಿ ತೊಳೆದೇ ಸಂಪಿನೊಳಗೆ, ಅಂದರೆ ನೆಲದಡಿಯ ತೊಟ್ಟಿಗೆ, ಇಳಿಸುತ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ.

ಅಳತೆಯಲ್ಲಿ ಮಾತ್ರ ಮೋಸ. ನಮ್ಮ ಸಂಪು 6 ಅಡಿ ಅಗಲ, 7 ಅಡಿ ಉದ್ದ. ಒಂದು ಅಡಿ ನೀರು ಏರಿದರೆ ಹೆಚ್ಚುಕಡಿಮೆ 1190 ಲೀಟರ್. ಗಾಡಿ ಮೇಲೆ 6000 ಲೀಟರ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ, ಅಂದರೆ ಐದು ಅಡಿ ಏರಬೇಕು, ಅಲ್ವಾ? ನಾನು ಕೋಲು ಇಳಿಸಿ ನೋಡಿದಾಗಲೆಲ್ಲ ನಾಲ್ಕೂವರೆ ದಾಟಿದ್ದೇ ಇಲ್ಲ. 16 ಮನೆಗೆ ದಿನಕ್ಕೊಂದು ಲೋಡ್ ಬೇಕು, ಲೆಕ್ಕ ನೀವೇ ಹಾಕಿ.

ನೀರು ಗಡಸು. ಮೊದಲ ವರ್ಷ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅಳೆಯುವುದು) ಲೀಟರಿಗೆ 450 ಮಿಲಿಗ್ರಾಂ ತೋರಿಸುತ್ತಿತ್ತು, ಈಗ 900 ದಾಟಿದೆ. ಕುಡಿಯುವ ನೀರಿಗೆ ಬಿಐಎಸ್, ಅಂದರೆ ಗುಣಮಟ್ಟ ನಿಗದಿ ಮಾಡುವ ಕೇಂದ್ರದ ಸಂಸ್ಥೆ, ಹೇಳುವ ಮಿತಿ 500, ಬೇರೆ ನೀರೇ ಸಿಗದಿದ್ದರೆ 2000 ತನಕ. ಬಕೆಟ್ಟೆಲ್ಲ ಬೆಳ್ಳಗಾಗಿದೆ, ಗೀಸರ್ ಕಾಯಿಲ್ ಎರಡು ಸಲ ಬದಲಿಸಿದ್ದಾಯಿತು.

ಯಾಕಣ್ಣ ಹೀಗೆ ಅಂತ ಒಂದು ದಿನ ಕೇಳಿದೆ. ಮೊದಲು ಎರಡು ಕಿಲೋಮೀಟರ್ ಆಚೆ ಒಂದು ರಾಗಿ ಹೊಲದ ಬೋರ್‌ನಿಂದ ತುಂಬಿಸುತ್ತಿದ್ದರಂತೆ. ಆ ಹೊಲ ಈಗ ಅಪಾರ್ಟ್‌ಮೆಂಟ್. ಆ ಅಪಾರ್ಟ್‌ಮೆಂಟಿಗೂ ಇವರದೇ ಟ್ಯಾಂಕರ್! ಈಗ ಸರ್ಜಾಪುರದ ಆಚೆಯಿಂದ, 1200 ಅಡಿ ಬೋರಿನಿಂದ ತರುತ್ತಾರಂತೆ. ಇಷ್ಟು ವರ್ಷ ಟೈಮಿಗೆ ಸರಿಯಾಗಿ ಬರುತ್ತಿದ್ದುದರಿಂದ ನೀರು ಇಷ್ಟು ದೂರ ಹೋಗಿದೆ ಅಂತ ನಮಗೆ ಗೊತ್ತೇ ಆಗಲಿಲ್ಲ.

ಊರಲ್ಲಿ ಜನ ಜಾಸ್ತಿ ಆದರು ಅಂತ ಎಲ್ಲರೂ ಬೈಯುತ್ತಾರೆ. ಸುಳ್ಳಲ್ಲ, 2001ರ ಜನಗಣತಿಯಲ್ಲಿ ಬೆಂಗಳೂರು ಸುಮಾರು 57 ಲಕ್ಷ, 2011ಕ್ಕೆ ಸುಮಾರು 85 ಲಕ್ಷ. ಆದರೆ ನಮ್ಮ ಮನೆಯದೇ ನೋಡಿ. ಚಿಂತಾಮಣಿಯಲ್ಲಿ ಒಂದೇ ಮನೆಯಲ್ಲಿ ಒಂಬತ್ತು ಜನ ಇದ್ದೆವು, ಒಂದು ಹಂಡೆ, ಒಂದು ಬಟ್ಟೆ ಒಗೆಯುವ ಕಲ್ಲು. ಈಗ ಅದೇ ಒಂಬತ್ತು ಜನ ಬೆಂಗಳೂರಿನಲ್ಲಿ ನಾಲ್ಕು ಮನೆ ಮಾಡಿದ್ದೇವೆ, ನಾಲ್ಕು ವಾಷಿಂಗ್ ಮೆಷಿನ್, ನಾಲ್ಕು ಆರ್‌ಒ, ದಿನಾ ಒರೆಸುವ ನೆಲವೂ ನಾಲ್ಕು ಮನೆಯದು. ತಲೆ ಒಂದೂ ಜಾಸ್ತಿ ಆಗಿಲ್ಲ. ಅತ್ತೆ ಸೊಸೆ ಮತ್ತೆ ಒಂದೇ ಅಡುಗೆಮನೆಗೆ ಬನ್ನಿ ಅಂತ ನಾನಂತೂ ಹೇಳಲ್ಲ, ಧೈರ್ಯ ಇಲ್ಲ.

ರೇಟಿನ ವಿಷಯಕ್ಕೆ ಎರಡು ಸ್ಟಾರ್ ಕಟ್. 2024ರ ಬೇಸಿಗೆಯಲ್ಲಿ ಲೋಡಿಗೆ 1800 ಕೇಳಿದರು. ಮಾರ್ಚ್‌ನಲ್ಲಿ ಜಿಲ್ಲಾಡಳಿತ 6000 ಲೀಟರಿಗೆ 5 ಕಿಲೋಮೀಟರ್ ಒಳಗೆ 600, 10ರ ತನಕ 750 ರೂಪಾಯಿ ಅಂತ ದರ ಕಟ್ಟಿತು. ಆ ದರ ಹೇಳಿದ್ದೇ ತಪ್ಪಾಯಿತು, ಮೂರು ದಿನ ಫೋನೇ ಎತ್ತಲಿಲ್ಲ. ಆಮೇಲೆ ನಾವೇ 1500ಕ್ಕೆ ಒಪ್ಪಿಕೊಂಡೆವು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ಹೊರವಲಯದ 110 ಹಳ್ಳಿಗಳಿಗೆ ಅಂತ ದಿನಕ್ಕೆ 77.5 ಕೋಟಿ ಲೀಟರ್, ಅದೂ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ. ನಮ್ಮ ಬಿಲ್ಡಿಂಗಿನ ಓನರ್‌ಗಳು ಕನೆಕ್ಷನ್ನಿಗೆ ದುಡ್ಡು ಕಟ್ಟೋಣವೋ ಬೇಡವೋ ಅಂತ ಇನ್ನೂ ಮೀಟಿಂಗ್ ಮಾಡುತ್ತಿದ್ದಾರೆ. ಅಲ್ಲಿಯ ತನಕ ಈ ಟ್ಯಾಂಕರೇ ಗತಿ.

ಯಾರ ಹತ್ತಿರ ಹಾಕಿಸಿಕೊಂಡರೂ ಗಾಡಿ ಬರುವ ಮೊದಲು ಸಂಪಿಗೆ ಕೋಲು ಇಳಿಸಿ ಗುರುತು ಹಾಕಿಕೊಳ್ಳಿ. ನನ್ನ ಕೈಯಲ್ಲಿ ಕೋಲು ನೋಡಿದ ದಿನ ಡ್ರೈವರಣ್ಣ ಏನೂ ಮಾತಾಡಲಿಲ್ಲ. ಮಾರನೆಯ ದಿನ ನಾಲ್ಕೂ ಮುಕ್ಕಾಲು ಅಡಿ ಬಂದಿತ್ತು.