ದಾವಣಗೆರೆಯಲ್ಲಿ ಅಭ್ಯಂಗ: ಬೋರ್ಡಿನ ಮೇಲೆ ಒಂದು ಗಂಟೆ, ಮೈಮೇಲೆ ಎಷ್ಟು ನಿಮಿಷ?

ಮಾಲೀಶಿನ ದರ ಕೇಳುವ ಮೊದಲು ನಿಮಿಷದ ಲೆಕ್ಕ ಹಾಕಿ. ಊರಿನ ಆಯುರ್ವೇದ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮೊದಲು ಹೇಳುವ ಪ್ಯಾಕೇಜು ಅಭ್ಯಂಗ–ಸ್ವೇದನ, ಅಂದರೆ ಮೈಗೆಲ್ಲ ಎಣ್ಣೆ ತಿಕ್ಕಿ ಹಬೆ ಕೊಡುವುದು. 60 ನಿಮಿಷ ಅಂತಾರೆ. ಬಟ್ಟೆ ಬದಲಿಸಲು 5, ಹಬೆಗೆ 10ರಿಂದ 15, ಸ್ನಾನಕ್ಕೆ 10 ಹೋದರೆ ಮೈಮೇಲೆ ಕೈ ಆಡುವುದು ಹೆಚ್ಚೆಂದರೆ 35 ನಿಮಿಷ. ಇದನ್ನು ಮೋಸ ಅನ್ನಲಾಗದು. ಇಬ್ಬರು ಎರಡು ಬದಿಗೆ ನಿಂತು ಒಂದೇ ಲಯದಲ್ಲಿ ಮಾಡಿದರೆ 35 ನಿಮಿಷ ಧಾರಾಳ. ಒಬ್ಬರೇ ಮಾಡುವುದಾದರೆ 45 ಆದರೂ ಬೇಕು, ಇಲ್ಲದಿದ್ದರೆ ಕಾಲು ಮುಗಿಸಿ ಬೆನ್ನಿಗೆ ಬರುವಷ್ಟರಲ್ಲಿ ಗಡಿಯಾರ ನೋಡಲು ಶುರು ಮಾಡುತ್ತಾರೆ. ಹಾಗಾಗಿ ಫೋನಿನಲ್ಲೇ ಕೇಳಬೇಕಾದ್ದು: ಎಷ್ಟು ಹೊತ್ತು, ಎಷ್ಟು ಕೈ?

ಎರಡನೇ ಪರೀಕ್ಷೆ ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಮೇಜಿನ ಮೇಲೆ ಮಲಗಿಸುವ ಮುಂಚೆ ಅವರು ನಿಮಗೆ ಏನೇನು ಕೇಳುತ್ತಾರೆ? ಬಿ.ಪಿ. ನೋಡಬೇಕು. ಸಕ್ಕರೆ ಕಾಯಿಲೆ ಇದೆಯೇ, ಪಾದ ಜೋಮು ಹಿಡಿಯುತ್ತದೆಯೇ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಈಚೆಗೆ ಆಪರೇಷನ್ ಆಗಿದೆಯೇ, ಜ್ವರ ಬಂದಿತ್ತೇ, ಹೆಂಗಸರಾದರೆ ಗರ್ಭಿಣಿಯೇ, ಮುಟ್ಟಿನ ದಿನವೇ ಎಂದು ಕೇಳಬೇಕು. ಇದಕ್ಕೆಲ್ಲ 10 ನಿಮಿಷ ಸಾಕು. ಒಂದನ್ನೂ ಕೇಳದೆ "ಯಾವ ಪ್ಯಾಕೇಜ್ ಸರ್?" ಅಂದರೆ ಅದು ಚಿಕಿತ್ಸೆಯ ಜಾಗವಲ್ಲ, ಎಣ್ಣೆ ಹಚ್ಚುವ ಜಾಗ. ಹೆಸರಿನಲ್ಲಿ ಎಷ್ಟು ಸಂಸ್ಕೃತ ಇದ್ದರೂ ಅಷ್ಟೇ. ಚಿಕಿತ್ಸೆ ಕೊಡುತ್ತೇವೆ ಅನ್ನುವವರ ಗೋಡೆಯ ಮೇಲೆ 2007ರ ಕೆ.ಪಿ.ಎಂ.ಇ. (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ನೋಂದಣಿ ಪತ್ರ ಕಣ್ಣಿಗೆ ಬೀಳುವಂತೆ ಇರಬೇಕು, ವೈದ್ಯರು ಕೇಂದ್ರದಲ್ಲೇ ಸಿಗಬೇಕು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಎಂಬುದು ಪಂಚಕರ್ಮದ ಕೋಣೆಯ ಸಾಮಾನ್ಯ ಶಿಸ್ತು. ಅದರಲ್ಲಿ ಸಡಿಲ ಕಂಡರೆ ಎದ್ದು ಬನ್ನಿ.

ಇಷ್ಟು ಪ್ರಶ್ನೆ ಯಾಕೆ ಬೇಕು ಅಂದರೆ, ಕೆಲವು ಮೈಗೆ ಮಾಲೀಶು ಅಪಾಯ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಪಾದದ ಸ್ಪರ್ಶ ಕಳೆದುಕೊಂಡ ಸಕ್ಕರೆ ರೋಗಿಗೆ ಎಣ್ಣೆ ಸುಡುತ್ತಿರುವುದೇ ಗೊತ್ತಾಗುವುದಿಲ್ಲ. ಮೂಳೆ ಸವೆದ ವಯಸ್ಸಾದವರ ಬೆನ್ನ ಮೇಲೆ ಮೊಣಕೈ ಊರಬಾರದು. ಸೊಂಟದ ನೋವು ಕಾಲಿಗೆ ಇಳಿದು ಪಾದ ಎತ್ತಲು ಆಗದಿದ್ದರೆ, ಮೂತ್ರ ಹಿಡಿತ ತಪ್ಪಿದರೆ ಕೇಂದ್ರದ ಕಡೆಗಲ್ಲ, ಆಸ್ಪತ್ರೆ ಕಡೆಗೆ ಆಟೋ ತಿರುಗಿಸಿ.

ಹೋಗುವ ದಿನ ಹೊಟ್ಟೆ ಹಗುರ ಇರಲಿ. ಬೆಣ್ಣೆದೋಸೆ ತಿಂದು ನೇರ ಹೋಗಿ ಬೋರಲು ಮಲಗಿದರೆ ಹುಳಿತೇಗು ಗ್ಯಾರಂಟಿ. 2 ಗಂಟೆ ಅಂತರ ಬೇಕು. ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ಹಬೆಯಲ್ಲಿ ತಲೆ ಸುತ್ತುತ್ತದೆ. ಚಿನ್ನ ಮನೆಯಲ್ಲಿ ಬಿಡಿ. ಹಳೆಯ ಟವೆಲು, ಹಳೆಯ ಒಳಉಡುಪು ಒಯ್ಯಿರಿ. ಔಷಧಿ ತೈಲದ ಕಲೆ ಮತ್ತೆ ಹೋಗುವುದಿಲ್ಲ.

ಎಣ್ಣೆಯ ವಿಷಯ. ಹೆಚ್ಚಿನ ತೈಲಗಳ ಮೂಲ ಎಳ್ಳೆಣ್ಣೆ. ಕೀಲು ನೋವಿಗೆ ಮಹಾನಾರಾಯಣ, ಬಾಣಂತಿಯರಿಗೆ ಧಾನ್ವಂತರ, ಒಣ ಮೈಗೆ ಕ್ಷೀರಬಲಾ, ಊತ ಮತ್ತು ಬಿಗಿತ ಇದ್ದರೆ ಕೊಟ್ಟಂಚುಕ್ಕಾದಿ ಎಂಬುದು ವೈದ್ಯರ ರೂಢಿ. ಉಳುಕಿಗೆ, ಪೆಟ್ಟಿಗೆ ಬಳಸುವ ಮುರಿವೆಣ್ಣ ಮಾತ್ರ ಕೊಬ್ಬರಿ ಎಣ್ಣೆಯದು. ಒಂದು ಮೈಗೆ 100ರಿಂದ 150 ಮಿಲಿ ಸಾಕು. ಸೀಸೆ ನಿಮ್ಮೆದುರು ತೆಗೆಯಲಿ, ಇಲ್ಲವೇ ಬಟ್ಟಲನ್ನು ಮೂಗಿನ ಹತ್ತಿರ ತಂದು ನೋಡಿ. ಔಷಧಿ ತೈಲಕ್ಕೆ ಘಾಟು ಇರುತ್ತದೆ, ಅದು ಸರಿ. ಹಳೇ ಕರಿದ ಎಣ್ಣೆಯ ಕಮಟು ಇದ್ದರೆ ಬೇಡ ಅನ್ನಿ. ಒಬ್ಬರ ಮೈಯಿಂದ ಸೋರಿದ ಎಣ್ಣೆ ಇನ್ನೊಬ್ಬರಿಗೆ ಯಾವ ಕಾರಣಕ್ಕೂ ಸಲ್ಲದು. ಚರ್ಮ ಸೂಕ್ಷ್ಮ ಇದ್ದವರು ಹಿಂದಿನ ದಿನವೇ ಮೊಣಕೈ ಒಳಬದಿಗೆ ಎರಡು ಹನಿ ಹಚ್ಚಿ ನೋಡುವುದು ಒಳ್ಳೆಯದು.

ಬಿಸಿ ಮಾಡುವ ರೀತಿಯಲ್ಲೇ ಕೆಲಸದವರ ಪಳಗಿದ ಕೈ ಗೊತ್ತಾಗುತ್ತದೆ. ಎಣ್ಣೆ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬಿಸಿ ಮಾಡಬೇಕು, 40 ಡಿಗ್ರಿ ಆಸುಪಾಸು, ಮಣಿಕಟ್ಟಿನ ಒಳಬದಿಗೆ ಬಿಟ್ಟರೆ ಹಿತ ಅನ್ನಿಸುವಷ್ಟು. ನೇರ ಒಲೆ ಮೇಲಿಟ್ಟರೆ ಮೇಲೆ ಉಗುರುಬೆಚ್ಚಗೆ, ತಳದಲ್ಲಿ ಸುಡುತ್ತಿರುತ್ತದೆ. ನೀರಾದರೆ ಹರಿದು ಹೋಗುತ್ತದೆ, ಎಣ್ಣೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ.

ಮಾಲೀಶಿನ ಕ್ರಮ ಹೀಗೆ: ಮೊದಲು ಕೂರಿಸಿ ತಲೆ, ಕಿವಿ, ಕುತ್ತಿಗೆ; ಆಮೇಲೆ ಅಂಗಾತ, ಮಗ್ಗುಲು, ಬೋರಲು, ಇನ್ನೊಂದು ಮಗ್ಗುಲು, ಮತ್ತೆ ಅಂಗಾತ, ಕೊನೆಗೆ ಕೂರಿಸಿ ಮುಗಿಸುವುದು. ಒಟ್ಟು 7 ಭಂಗಿ. ಕೈಕಾಲಿನ ಉದ್ದಕ್ಕೆ ನೀಟವಾಗಿ, ಕೀಲಿನ ಮೇಲೆ ಸುತ್ತು ಸುತ್ತಾಗಿ, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಹಗುರವಾಗಿ ಕೈ ಆಡಬೇಕು. ಎಷ್ಟೋ ಕಡೆ 7ರ ಬದಲು ಅಂಗಾತ, ಬೋರಲು ಎರಡಕ್ಕೇ ಮುಗಿಸುತ್ತಾರೆ. ಮಗ್ಗುಲು ಮಲಗಿಸದಿದ್ದರೆ ಪೃಷ್ಠದ ಹೊರಬದಿ ಮತ್ತು ತೊಡೆಯ ಪಕ್ಕಕ್ಕೆ ಕೈ ಸರಿಯಾಗಿ ಸಿಗುವುದಿಲ್ಲ. ಎ.ಪಿ.ಎಂ.ಸಿ. ಹಮಾಲರಿಗೆ, ಬಸ್ ಚಾಲಕರಿಗೆ, ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರಿಗೆ ಬಿಗಿತ ಹೆಚ್ಚಾಗಿ ಕೂತಿರುವುದೇ ಅಲ್ಲಿ. ಒತ್ತಡ ಎಷ್ಟಿರಬೇಕು? 10ಕ್ಕೆ 5 ಅಥವಾ 6. ಉಸಿರು ಹಿಡಿಯುವಂತಾದರೆ, ಹಲ್ಲು ಕಚ್ಚುವಂತಾದರೆ ಸ್ನಾಯು ಸಡಿಲವಾಗುವ ಬದಲು ಸೆಟೆದುಕೊಳ್ಳುತ್ತದೆ. ನೋವು ತಡೆದುಕೊಂಡಷ್ಟೂ ಲಾಭ ಎಂಬ ಪೈಲ್ವಾನ್ ಲೆಕ್ಕ ಗರಡಿ ಮನೆಯ ಮೈಗೆ ಸರಿಹೋದೀತು, ಕುರ್ಚಿಯ ಮೇಲೆ ಕೂತು ಬೆಳೆದ ಮೈಗಲ್ಲ. ಬಾಯಿಬಿಟ್ಟು "ಹಗುರ ಮಾಡಿ" ಅನ್ನಿ, ಅದರಲ್ಲಿ ಸಂಕೋಚವೇನಿಲ್ಲ.

ಕೆಳಬೆನ್ನಿನ ನೋವಿಗೆ ಜೊತೆಗೆ ಕಟಿಬಸ್ತಿ ಹೇಳುತ್ತಾರೆ. ಉದ್ದಿನ ಹಿಟ್ಟನ್ನು ಬಿಗಿಯಾಗಿ ಕಣಕದಂತೆ ನಾದಿ, ಸೊಂಟದ ಮೇಲೆ ಅಂಗೈ ಅಗಲದ ದುಂಡು ಕಟ್ಟೆ ಕಟ್ಟುತ್ತಾರೆ. ಎತ್ತರ ಸುಮಾರು 2 ಅಂಗುಲ. ಅದರೊಳಗೆ ಬಿಸಿ ಎಣ್ಣೆ ನಿಲ್ಲಿಸಿ 30 ನಿಮಿಷ ಬಿಡುವುದು. ಎಣ್ಣೆ ಆರಿದಂತೆ ಹತ್ತಿಯಲ್ಲಿ ಅದ್ದಿ ತೆಗೆದು ಹೊಸ ಬಿಸಿ ಎಣ್ಣೆ ಅಂಚಿನಿಂದ ನಿಧಾನ ಬಿಡಬೇಕು. ಕೆಡುವುದು ಎರಡು ಜಾಗದಲ್ಲಿ. ಹಿಟ್ಟು ಸಡಿಲವಾದರೆ ಕಟ್ಟೆ ಕುಸಿಯುತ್ತದೆ. ಸೊಂಟದ ತಗ್ಗಿನಲ್ಲಿ, ಕೂದಲಿರುವ ಕಡೆ ಹಿಟ್ಟು ಹಿಡಿಯದೆ ಸಂದು ಬಿಟ್ಟು ಎಣ್ಣೆ ಪಕ್ಕೆಗೆ ಇಳಿಯುತ್ತದೆ. ಒದ್ದೆ ಬೆರಳಿನಿಂದ ಒಳಗೂ ಹೊರಗೂ ಅಂಚನ್ನು ಸವರಿ ಮೆತ್ತಿ, ಮೊದಲು ಒಂದು ಚಮಚ ಎಣ್ಣೆ ಬಿಟ್ಟು ಸೋರುತ್ತದೆಯೇ ನೋಡುವವರು ಕೆಲಸ ಬಲ್ಲವರು. ಆ ಅರ್ಧ ಗಂಟೆ ಕೆಮ್ಮುವಂತಿಲ್ಲ, ನಗುವಂತಿಲ್ಲ. ಒಬ್ಬರು ಪಕ್ಕದಲ್ಲೇ ಇರಬೇಕು. ಎಣ್ಣೆ ಬಿಟ್ಟು ಫೋನ್ ಹಿಡಿದು ಹೊರಗೆ ಹೋಗುವ ಕೇಂದ್ರಕ್ಕೆ ಅಂಕ ಕಳೆಯಲೇಬೇಕು.

ಹಬೆ ಪೆಟ್ಟಿಗೆಯಲ್ಲಿ ಕೂರಿಸಿ ತಲೆ ಮಾತ್ರ ಹೊರಗೆ ಬಿಡುತ್ತಾರೆ. ಹೊರಗೆ ಕುಕ್ಕರಿನಲ್ಲಿ ಲಕ್ಕಿ ಸೊಪ್ಪು ಅಥವಾ ದಶಮೂಲ (ಹತ್ತು ಗಿಡಗಳ ಬೇರು) ಕುದಿಯುತ್ತಿರುತ್ತದೆ, ರಬ್ಬರ್ ಕೊಳವೆಯಲ್ಲಿ ಹಬೆ ಒಳಗೆ ಬರುತ್ತದೆ. ಕೊಳವೆಯ ಬಾಯಿ ಕಾಲಿನ ಕಡೆ ನೇರ ತಿರುಗಿದ್ದರೆ ಮೀನಖಂಡಕ್ಕೆ ಬೊಬ್ಬೆ ಏಳುತ್ತದೆ. ಕೂರುವ ಮೊದಲೇ ಬಗ್ಗಿ ನೋಡಿಕೊಳ್ಳಿ. ಹಣೆ ಮೇಲೆ ಬೆವರು ಸಾಲುಗಟ್ಟಿತೆಂದರೆ ಸಾಕು, ಗಡಿಯಾರ 15 ತೋರಿಸುವವರೆಗೆ ಕೂರಬೇಕೆಂದಿಲ್ಲ. ಎದೆ ಡವಗುಟ್ಟಿದರೆ ಕೂಡಲೇ ಹೇಳಿ. ಹೃದಯದ ತೊಂದರೆ ಇದ್ದವರಿಗೆ, ಹಿಡಿತಕ್ಕೆ ಬಾರದ ಬಿ.ಪಿ. ಇದ್ದವರಿಗೆ, ಗರ್ಭಿಣಿಯರಿಗೆ ಹಬೆ ಬೇಡ. ಬಿಸಿಗೆ ರಕ್ತನಾಳ ಹಿಗ್ಗಿ ಒತ್ತಡ ಇಳಿದಿರುತ್ತದೆ, ಥಟ್ಟನೆ ಎದ್ದರೆ ಕಣ್ಣು ಕತ್ತಲೆ. ಬಾಗಿಲು ತೆಗೆದು ಒಂದೆರಡು ನಿಮಿಷ ಅಲ್ಲೇ ಕೂತು ಏಳಿ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನದ ಹಬೆ ಬುದ್ಧಿವಂತಿಕೆಯಲ್ಲ. ಬೆಳಗ್ಗೆ 7–8ರ ಸಮಯ ಕೇಳಿ, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಹಬೆ ಮುಗಿಸಿ ತೂಕ ನೋಡಿ "ಅರ್ಧ ಕೆಜಿ ಇಳಿಯಿತು" ಅನ್ನುವುದು ಬರೀ ಬೆವರಿನ ಲೆಕ್ಕ, ಎರಡು ಚೊಂಬು ನೀರಿಗೆ ವಾಪಸ್ ಬರುತ್ತದೆ.

ಬಚ್ಚಲಿಗೆ ಹೋಗುವ ಮುನ್ನ ಅಂಗಾಲು ಒರೆಸಿಕೊಳ್ಳಲೇಬೇಕು. ಎಣ್ಣೆ ಕಾಲು, ಒದ್ದೆ ಟೈಲ್ಸು: ಬೆನ್ನು ನೋವಿಗೆ ಬಂದವರು ಸೊಂಟ ಮುರಿದುಕೊಳ್ಳಲು ಇಷ್ಟು ಸಾಕು. ರಬ್ಬರ್ ಮ್ಯಾಟು, ಹಿಡಿಕೆ ಇರುವ ಬಚ್ಚಲಿಗೆ ಧಾರಾಳವಾಗಿ ಅಂಕ ಕೊಡಬಹುದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆ ಕೊಡದೆ ಎಣ್ಣೆ ಜೊತೆ ಸೇರಿ ಜಿಗಟಾಗುತ್ತದೆ. ಒಣ ಮೈಗೇ ಹೆಸರುಹಿಟ್ಟು ಅಥವಾ ಕಡಲೆಹಿಟ್ಟು ಉಜ್ಜಿ, ಎಣ್ಣೆ ಹೀರಿದ ಮೇಲೆ ನೀರು ಹಾಕಿ. ತಲೆಗೆ ಸೀಗೆಪುಡಿ, ನೀರು ಉಗುರುಬೆಚ್ಚಗಿರಲಿ. ಯುಗಾದಿ, ದೀಪಾವಳಿಗೆ ಅಜ್ಜಿಯರು ಎರೆದದ್ದೂ ಹೀಗೇ ಅಲ್ಲವೇ?

ಇಷ್ಟೆಲ್ಲ ಮಾಡಿ ಸಿಗುವುದೇನು? ಹಿಡಿದುಕೊಂಡ ಸ್ನಾಯು ಸಡಿಲವಾಗುತ್ತದೆ, ಮನಸ್ಸಿನ ಕಳವಳ ಇಳಿಯುತ್ತದೆ, ಅವತ್ತು ರಾತ್ರಿ ಒಳ್ಳೆ ನಿದ್ದೆ ಬರುತ್ತದೆ. ಕಾರಣ ಗೊತ್ತಿಲ್ಲದ ಸಾಮಾನ್ಯ ಕೆಳಬೆನ್ನಿನ ನೋವಿಗೆ ಉಪಶಮನ ನಿಜ, ಆದರೆ ಅದು ಕೆಲವು ದಿನಗಳ ಮಾತು. ಜಾರಿದ ಡಿಸ್ಕನ್ನು ಕೈಯಲ್ಲಿ ಒಳಗೆ ತಳ್ಳಲು ಬರುವುದಿಲ್ಲ. "ಮೈಯ ವಿಷ ಹೊರಹೋಗುತ್ತದೆ" ಎಂಬುದು ಮಾರುವ ಮಾತು. ಆ ಕೆಲಸ ಮೂತ್ರಪಿಂಡ, ಯಕೃತ್ತಿನದು. ವ್ಯಾಯಾಮದ ಲ್ಯಾಕ್ಟಿಕ್ ಆಮ್ಲ ಹಿಂಡಿ ತೆಗೆಯುತ್ತೇವೆ ಅನ್ನುವುದೂ ಹಾಗೆ, ಅದು ಸುಮಾರು 1 ಗಂಟೆಯೊಳಗೆ ತಾನೇ ಇಳಿಯುತ್ತದೆ. ಮರುದಿನ ಮೈ ಸ್ವಲ್ಪ ಹಣ್ಣಾದಂತೆ ಅನ್ನಿಸುವುದು ಸಹಜ, 48 ಗಂಟೆಯಲ್ಲಿ ಹೋಗಬೇಕು. ನೀಲಿ ಕಲೆ ಬಿದ್ದರೆ ಒತ್ತಿದ್ದು ಜಾಸ್ತಿಯಾಗಿದೆ. 3 ದಿನ ಕಳೆದರೂ ನೋವು ಏರುತ್ತಿದ್ದರೆ ಮುಂದಿನ ಸಲ ಹೋಗಬೇಡಿ, ವೈದ್ಯರಿಗೆ ತೋರಿಸಿ.

ಮತ್ತೆ ಮತ್ತೆ ಮರುಕಳಿಸುವ ಬೆನ್ನು ನೋವಿಗೆ ಫಿಸಿಯೋಥೆರಪಿಯೇ ಮೇಲು. ಅಲ್ಲಿ ಕೈ ಬೀಳುವುದು 10–15 ನಿಮಿಷ, ಹಿತವೂ ಕಡಿಮೆ. ಆದರೆ ಮನೆಗೆ ವ್ಯಾಯಾಮ ಕಲಿಸಿ ಕಳಿಸುತ್ತಾರೆ, ಉಳಿಯುವುದು ಅದು. ಕ್ಷೌರದಂಗಡಿಯ ತಲೆ ಮಾಲೀಶಿಗೆ ಆಕ್ಷೇಪವಿಲ್ಲ, ಕಡಿಮೆ ದುಡ್ಡಿಗೆ ಸಿಗುವ ದೊಡ್ಡ ಸುಖ. ಕೊನೆಗೆ ಗದ್ದ ಹಿಡಿದು ಕುತ್ತಿಗೆ ಲಟಕ್ಕನೆ ನೆಟಿಗೆ ತೆಗೆಯುತ್ತಾರಲ್ಲ, ಅದಕ್ಕೆ ಮಾತ್ರ ಮೊದಲೇ ಬೇಡ ಅಂದುಬಿಡಿ. ಕುತ್ತಿಗೆಯ ಮೂಳೆಯ ಸಂದಿನಲ್ಲಿ ಮಿದುಳಿಗೆ ಹೋಗುವ ರಕ್ತನಾಳವಿದೆ. ತಿರುಚಿದ ರಭಸಕ್ಕೆ ಅದರ ಒಳಪದರ ಹರಿದು ಪಾರ್ಶ್ವವಾಯು ಆದದ್ದುಂಟು.

7 ದಿನ, 14 ದಿನದ ಪ್ಯಾಕೇಜಿಗೆ ಒಟ್ಟಿಗೆ ದುಡ್ಡು ಕಟ್ಟಬೇಡಿ. 3 ಸಲಕ್ಕೆ ಕೊಟ್ಟು ಅಳೆದು ನೋಡಿ. ಅಳೆಯಲು ಸುಲಭದ ದಾರಿ: ಬಗ್ಗಿದಾಗ ಬೆರಳು ಮೊಣಕಾಲಿನಿಂದ ಎಷ್ಟು ಕೆಳಗೆ ಇಳಿಯಿತು ಎಂದು ಮೊದಲ ದಿನವೂ ಮೂರನೇ ಸಲದ ಮರುದಿನವೂ ಬರೆದಿಡಿ. ಹರಿಹರಕ್ಕೆ ಬಸ್ಸಿನಲ್ಲಿ 14 ಕಿ.ಮೀ. ಕೂರಲು ಆಗದವರು ಚಿತ್ರದುರ್ಗದವರೆಗೆ ಕೂರುವಂತಾದರೆ ಮುಂದುವರಿಸಿ. ಬದಲಾವಣೆ ಏನೂ ಇಲ್ಲದಿದ್ದರೆ ಎಣ್ಣೆ ಬದಲಿಸೋಣ ಅನ್ನುತ್ತಾರೆ. ಆಗ ಹಿಂಜರಿಯದೆ ಎಕ್ಸ್‌ರೇ ಬೇಕೇ, ಬೇರೆ ತಪಾಸಣೆ ಬೇಕೇ ಎಂದು ಕೇಳಿ. ಮತ್ತೆ, ಮನೆಗೆ ಹೊರಡುವಾಗ ಕೈಗೆ ಎಣ್ಣೆ ಜಿಡ್ಡು ಉಳಿದಿದ್ದರೆ ಸ್ಕೂಟರ್ ಹಿಡಿಕೆ ಜಾರುತ್ತದೆ. ಅರ್ಧ ಗಂಟೆ ಕೂತು, ಕೈ ಇನ್ನೊಮ್ಮೆ ಹಿಟ್ಟಿನಲ್ಲಿ ತೊಳೆದು ಹೊರಡಿ.